ಇಪ್ಪತ್ತು ನಿಮಿಷದ ಕೋಟು

ಕೇಳುಗರೆಲ್ಲರಿಗೂ ನಮಸ್ಕಾರ.

ಚಳಿಗಾಲದ ಬೆಳಿಗ್ಗೆ ಅಂದುಕೊಳ್ಳಿ. ಮೂರರಿಂದ ಆರು ವರ್ಷದ ಒಂದಿಪ್ಪತ್ತು ಮಕ್ಕಳು ಹೊರಗೆ ಹೋಗಬೇಕು. ಹೊರಡೋಕೆ ಎಷ್ಟು ಹೊತ್ತು ಬೇಕು? ಮಾಂಟೆಸ್ಸರಿ ಶಾಲೆಗೆ, ಅಂದರೆ ಮಕ್ಕಳು ತಮ್ಮ ಕೈಯಾರೆ ಮಾಡಿ ಕಲಿಯುವ ಶಾಲೆಗೆ, ಟೀಚರಾಗಿ ಸೇರಿದ ಮೊದಲ ವರ್ಷ ನಾನು ಐದು ನಿಮಿಷ ಅಂದುಕೊಂಡಿದ್ದೆ. ಒಬ್ಬಳಿಗೆ ಟೋಪಿ ಸಿಗುವುದಿಲ್ಲ. ಒಬ್ಬ ಎಡಗಾಲಿನ ಬೂಟನ್ನು ಬಲಗಾಲಿಗೆ ಹಾಕಿಕೊಂಡು ಸರಿಯಾಗಿದೆ ಅಂತ ವಾದ ಮಾಡುತ್ತಾನೆ. ಎಲ್ಲಾ ಮುಗಿಯಿತು ಅನ್ನುವಾಗ ಇನ್ನೊಬ್ಬಳಿಗೆ ಬಾತ್‌ರೂಮು ನೆನಪಾಗುತ್ತದೆ. ಇಪ್ಪತ್ತು ನಿಮಿಷ ಹಿಡಿಯುತ್ತದೆ, ಒಂದೊಂದು ದಿನ ಅದಕ್ಕೂ ಜಾಸ್ತಿ.

ಆ ಮೊದಲ ವರ್ಷ ನಾನು ಏನು ಮಾಡುತ್ತಿದ್ದೆ ಗೊತ್ತಾ? ಸಾಲಾಗಿ ನಿಲ್ಲಿಸಿ ಸರಸರ ಜಿಪ್ ಎಳೆದುಬಿಡುತ್ತಿದ್ದೆ. ಒಂದು ದಿನ ನಾಲ್ಕು ವರ್ಷದ ಹುಡುಗಿಯೊಬ್ಬಳು, ನಾನು ಎಳೆದ ಜಿಪ್ಪನ್ನು ಕೊನೆಯವರೆಗೂ ಕೆಳಗಿಳಿಸಿ, ಕೋಟು ಪೂರ್ತಿ ಬಿಚ್ಚಿ ನೆಲಕ್ಕೆ ಹಾಕಿ, ಮೊದಲಿನಿಂದ ಶುರು ಮಾಡಿದಳು. ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. "ಆಂಟಿ, ಅದು ನನ್ನ ಕೆಲಸ" ಅಂದಳು ಅಷ್ಟೇ. ನನಗೆ ಕೆನ್ನೆಗೆ ಹೊಡೆದ ಹಾಗಾಯಿತು.

ಅವತ್ತಿನಿಂದ ಆ ಇಪ್ಪತ್ತು ನಿಮಿಷವನ್ನೂ ಪಾಠದ ಲೆಕ್ಕಕ್ಕೇ ಸೇರಿಸಿದ್ದೇನೆ. ಪ್ರಕೃತಿ ಪಾಠ ಬಾಗಿಲಾಚೆ ಶುರುವಾಗುತ್ತದೆ ಅಂತ ನಾವು ತಿಳಿದಿರುತ್ತೇವೆ, ಅಲ್ವಾ? ಇವತ್ತು ಹೊರಗೆ ಎಷ್ಟು ಚಳಿ ಇದೆ, ಟೋಪಿ ಸಾಕಾ, ಕೈಗವಸೂ ಬೇಕಾ ಅಂತ ಮಗು ಕಿಟಕಿಯಿಂದ ಕೈ ಹೊರಗೆ ಚಾಚಿ ತಾನೇ ತೀರ್ಮಾನ ಮಾಡುತ್ತದಲ್ಲ, ಹವಾಮಾನದ ಬಗ್ಗೆ ಅದರ ಮೊದಲ ಯೋಚನೆ ಅದು. ನಾವೇ ಹಾಕಿ ಕಳಿಸಿದರೆ ಆ ಯೋಚನೆಗೆ ಜಾಗವೇ ಇರುವುದಿಲ್ಲ.

ಮನೆಯಲ್ಲಿ ಮಾಡಿ ನೋಡಬಹುದಾದ ಒಂದು ಉಪಾಯ ಹೇಳುತ್ತೇನೆ. ಮುಂದೆ ತೆರೆಯುವ ಕೋಟನ್ನು ಒಳಮೈ ಮೇಲೆ ಬರುವ ಹಾಗೆ ನೆಲದ ಮೇಲೆ ಹರಡಿ. ಮಗು ಕಾಲರ್ ಕಡೆ ನಿಲ್ಲಲಿ, ಅಂದರೆ ಮಗುವಿಗೆ ಕೋಟು ತಲೆಕೆಳಗಾಗಿ ಕಾಣಬೇಕು. ಬಗ್ಗಿ ಎರಡೂ ಕೈಯನ್ನು ತೋಳುಗಳಿಗೆ ತೂರಿಸಿ, ಕೈಯೆತ್ತಿ ತಲೆಯ ಮೇಲಿಂದ ಹಿಂದಕ್ಕೆ ಬೀಸಿದರೆ ಕೋಟು ಬೆನ್ನ ಮೇಲೆ ಬಂದು ಕೂರುತ್ತದೆ. ಮೂರು ವರ್ಷದ ಮಗು ಎರಡು ಮೂರು ದಿನದಲ್ಲಿ ಕಲಿಯುತ್ತದೆ. ಗುಂಡಿ, ಜಿಪ್ಪು, ಲಾಡಿ ಇವಕ್ಕೆಲ್ಲ ತರಗತಿಯಲ್ಲಿ ಡ್ರೆಸ್ಸಿಂಗ್ ಫ್ರೇಮ್ ಅಂತ ಇರುತ್ತವೆ. ಮರದ ಚೌಕಟ್ಟಿಗೆ ಎರಡು ತುಂಡು ಬಟ್ಟೆ ಕೂರಿಸಿ, ನಡುವೆ ಗುಂಡಿಯೋ ಲಾಡಿಯೋ ಇಟ್ಟಿರುತ್ತಾರೆ. ಬೇಸಿಗೆಯಲ್ಲಿ ಅವುಗಳ ಕಡೆ ಮಕ್ಕಳು ತಿರುಗಿ ನೋಡುವುದು ಕಡಿಮೆ. ಚಳಿ ಬಂತು ಅಂದರೆ ಜಿಪ್ಪಿನ ಫ್ರೇಮು ಶೆಲ್ಫಿನಲ್ಲಿ ನಿಲ್ಲುವುದೇ ಇಲ್ಲ.

ಈ ಪದ್ಧತಿ ಶುರುಮಾಡಿದ ಮರಿಯಾ ಮಾಂಟೆಸ್ಸರಿ 'ಮಕ್ಕಳ ಮನೆ' ಅನ್ನುವ ತಮ್ಮ ಮೊದಲ ಶಾಲೆಯನ್ನು ತೆರೆದದ್ದೂ ನಡು ಚಳಿಗಾಲದಲ್ಲೇ, 1907ರ ಜನವರಿ 6ರಂದು, ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ. ಅವರು ವೈದ್ಯೆ. ಚಳಿ, ಮಳೆ ಅಂದರೆ ಮಕ್ಕಳನ್ನು ಒಳಗೆ ಕೂಡಿಹಾಕಿ ಅಂತ ಡಾಕ್ಟರಮ್ಮ ಹೇಳಬಹುದಿತ್ತು. ಅವರು ಬರೆದದ್ದು ಬೇರೆಯೇ: ಮಳೆ ಬಂದರೆ ಹೊರಗೆ ಓಡಲು ಬಿಡಿ, ನೀರು ನಿಂತ ಗುಂಡಿ ಕಂಡರೆ ಬೂಟು ಬಿಚ್ಚಲು ಬಿಡಿ, ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಬರಿಗಾಲಲ್ಲಿ ಓಡಲಿ. ಮುಂದೆ ಎರಡನೇ ಮಹಾಯುದ್ಧದ ಕಾಲದಲ್ಲಿ ಅವರು ಭಾರತದಲ್ಲಿದ್ದರು. ಮಗ ಮಾರಿಯೋ ಜೊತೆ ಕೊಡೈಕೆನಾಲ್‌ನ ತಂಪು ಗುಡ್ಡದಲ್ಲಿ ಕಳೆದ ದಿನಗಳಲ್ಲಿ ಗಿಡಮರ, ಪ್ರಾಣಿಗಳ ಪಾಠಗಳು ತುಂಬಾ ಬೆಳೆದವು.

ಸರಿ, ಕೋಟು ಹಾಕಿದ್ದಾಯಿತು. ಹೊರಗೆ ಬಂದೆವು. ಏನಿದೆ ನೋಡೋಕೆ? ಹೂವಿಲ್ಲ, ಚಿಟ್ಟೆಯಿಲ್ಲ, ಮರಗಳೂ ಬೋಳು. ಅದಕ್ಕೇ ಎಷ್ಟೋ ಶಾಲೆಗಳಲ್ಲಿ ಚಳಿಗಾಲ ಅಂದರೆ ಗೋಡೆಗೆ ಹತ್ತಿಯ ಹಿಮ ಅಂಟಿಸುವುದು, ಕಾಗದದ ಹಿಮಮಾನವ ಮಾಡುವುದು. ಹಿಮವನ್ನೇ ಕಾಣದ ಊರುಗಳಲ್ಲೂ ಇದೇ ಕಥೆ. ನನಗೆ ಇದು ಸ್ವಲ್ಪವೂ ಸರಿಕಾಣುವುದಿಲ್ಲ. ಮೊದಲು ನಿಜವಾದ ವಸ್ತು, ಆಮೇಲೆ ಅದರ ಚಿತ್ರ, ಇದು ಮಾಂಟೆಸ್ಸರಿ ತರಗತಿಯ ದಾರಿ. ಹೊರಗಿನ ಹುಲ್ಲಿನ ಮೇಲೆ ನಿಜವಾದ ಇಬ್ಬನಿ ಹೊಳೆಯುತ್ತಿರುವಾಗ ಒಳಗೆ ಕೂತು ಹತ್ತಿ ಅಂಟಿಸುವುದು ಯಾಕೆ? ಹಿಮ ಬೀಳುವ ಊರಾದರೆ ಒಂದು ಕಪ್ಪು ಬಟ್ಟೆ ಹಿಡಿದು ಹೊರಗೆ ಹೋಗಿ. ಬಟ್ಟೆ ಮೊದಲೇ ತಣ್ಣಗಾಗಿರಬೇಕು, ಇಲ್ಲದಿದ್ದರೆ ಹಿಮ ಬಿದ್ದ ಕೂಡಲೇ ಕರಗಿಹೋಗುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಆರು ಕೈ ಎಣಿಸಬಹುದು. ಅಮೆರಿಕದ ವರ್ಮಾಂಟ್‌ನಲ್ಲಿ ವಿಲ್ಸನ್ ಬೆಂಟ್ಲಿ ಅನ್ನುವ ರೈತ ಹೀಗೆ ನೋಡುತ್ತಾ ನೋಡುತ್ತಾ 1885ರ ಜನವರಿಯಲ್ಲಿ ಒಂದೊಂದೇ ಹಿಮಹರಳಿನ ಫೋಟೋ ತೆಗೆಯಲು ಶುರುಮಾಡಿ, ಜೀವಮಾನದಲ್ಲಿ 5,000ಕ್ಕೂ ಹೆಚ್ಚು ಫೋಟೋ ತೆಗೆದರು. ಶುರುಮಾಡಿದಾಗ ಅವರಿಗೆ ಇನ್ನೂ 20 ತುಂಬಿರಲಿಲ್ಲ.

ನಾನು ಹೇಳಬೇಕು ಅಂತಿದ್ದದ್ದು ಹಿಮದ ಬಗ್ಗೆ ಅಲ್ಲ, ಒಂದು ಬೆಂಚಿನ ಬಗ್ಗೆ.

ನಮ್ಮ ಆಟದ ಬಯಲಿನಲ್ಲಿ ಒಂದು ಬೆಂಚಿದೆ. ಕೂರುವ ಹಲಗೆ ಮರದ್ದು, ಕೈಹಿಡಿ ಕಬ್ಬಿಣದ್ದು. ಒಂದು ಬೆಳಿಗ್ಗೆ ಐದು ವರ್ಷದ ಹುಡುಗ ಅದರ ಮೇಲೆ ಕೂತು ಕೈಗವಸು ಬಿಚ್ಚಿದ. ಕೈಹಿಡಿ ಮುಟ್ಟಿದವನೇ ತಟ್ಟನೆ ಕೈ ತೆಗೆದ. ಆಮೇಲೆ ಹಲಗೆ ಮುಟ್ಟಿದ. ಮತ್ತೆ ಕಬ್ಬಿಣ, ಮತ್ತೆ ಹಲಗೆ. "ಕಬ್ಬಿಣಕ್ಕೆ ಜಾಸ್ತಿ ಚಳಿ ಆಗಿದೆ" ಅಂದ.

ನಿಜ ಏನಂದರೆ, ರಾತ್ರಿಯಿಡೀ ಒಟ್ಟಿಗೆ ಹೊರಗಿದ್ದ ಮರವೂ ಕಬ್ಬಿಣವೂ ಒಂದೇ ಮಟ್ಟಕ್ಕೆ ತಣ್ಣಗಾಗಿರುತ್ತವೆ. ಕಬ್ಬಿಣ ನಮ್ಮ ಕೈಯ ಬಿಸಿಯನ್ನು ಬೇಗ ಬೇಗ ಎಳೆದುಕೊಳ್ಳುತ್ತದೆ, ಮರ ನಿಧಾನ. ನಮ್ಮ ಬೆರಳಿಗೆ ಗೊತ್ತಾಗುವುದು ಬಿಸಿ ಹೋಗುತ್ತಿರುವ ವೇಗ. ಇದನ್ನು ಅವನಿಗೆ ಹೇಳಲು ಬಾಯಿ ತುದಿಯವರೆಗೂ ಬಂದಿತ್ತು. ಹೇಳಲಿಲ್ಲ. ಸುಮ್ನೆ ಇರುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟ, ಇನ್ನೂ ಅಭ್ಯಾಸವಾಗಿಲ್ಲ.

ಒಳಗೆ ಬಂದ ಮೇಲೆ ಅವನಿಗೆ ಥರ್ಮಿಕ್ ಹಲಗೆಗಳ ಡಬ್ಬಿ ಕೊಟ್ಟೆ. ಮಾಂಟೆಸ್ಸರಿ ತರಗತಿಯಲ್ಲಿ ಎಲ್ಲಾ ಕಾಲದಲ್ಲೂ ಇರುವ ಸಾಮಾನು ಅದು. ಒಂದೇ ಅಳತೆಯ ಚಿಕ್ಕ ಚಿಕ್ಕ ಬಿಲ್ಲೆಗಳು, ಮರ, ಉಣ್ಣೆ ಬಟ್ಟೆ, ಗಾಜು, ಕಲ್ಲು, ಲೋಹ, ಒಂದೊಂದರಲ್ಲೂ ಎರಡೆರಡು. ಕಣ್ಣು ಮುಚ್ಚಿಕೊಂಡು ಮುಟ್ಟಿ ಜೋಡಿ ಹುಡುಕಬೇಕು. ಮುಂಚೆಯೂ ಎಷ್ಟೋ ಸಲ ಅದನ್ನು ಮಾಡಿದ್ದ. ಅವತ್ತು ಮಾತ್ರ ಕಣ್ಣು ಬಿಟ್ಟೇ ಕೂತು, ಪ್ರತಿಯೊಂದನ್ನೂ ಕೆನ್ನೆಗೆ ಒತ್ತಿ ಒತ್ತಿ ನೋಡಿದ. ಒಳಗೂ ಲೋಹವೇ ತಣ್ಣಗೆ! ಹಾಗಾದರೆ ಕಬ್ಬಿಣಕ್ಕೆ ಚಳಿ ಆಗಿದ್ದು ಹೊರಗಿದ್ದದ್ದಕ್ಕೆ ಅಲ್ಲವಲ್ಲ?

ಮಾರನೇ ದಿನ ನಾನು ಒಂದು ಸ್ಟೀಲ್ ತಟ್ಟೆ, ಒಂದು ಮರದ ಹಲಗೆ ಇಟ್ಟು, ಎರಡರ ಮೇಲೂ ಒಂದೊಂದು ಮಂಜುಗಡ್ಡೆ ಚೂರು ಇಟ್ಟೆ. ಯಾವುದು ಮೊದಲು ಕರಗುತ್ತದೆ? ಮಕ್ಕಳೆಲ್ಲ ಸೇರಿಕೊಂಡರು. ಎಲ್ಲರೂ ಹೇಳಿದ್ದು ಒಂದೇ, ಮರದ ಮೇಲಿರುವುದು ಮೊದಲು ಕರಗುತ್ತೆ, ಯಾಕೆಂದರೆ ಸ್ಟೀಲು ತಣ್ಣಗಿದೆಯಲ್ಲ, ಮಂಜುಗಡ್ಡೆಯನ್ನು ಕಾಪಾಡುತ್ತೆ. ನೀವೂ ಹಾಗೇ ಅಂದುಕೊಂಡಿರಾ? ಆಗುವುದು ಉಲ್ಟಾ. ಸ್ಟೀಲಿನ ಮೇಲಿದ್ದದ್ದು ನೋಡನೋಡುತ್ತಲೇ ಸಣ್ಣದಾಗುತ್ತಾ ಹೋಯಿತು, ಮರದ ಮೇಲಿದ್ದದ್ದು ಆರಾಮಾಗಿ ಕೂತಿತ್ತು. ಕೈಯಿಂದ ಬಿಸಿಯನ್ನು ಬೇಗ ಎಳೆದುಕೊಳ್ಳುವ ಲೋಹವೇ, ಕೋಣೆಯ ಬಿಸಿಯನ್ನು ಮಂಜುಗಡ್ಡೆಗೆ ಬೇಗ ಮುಟ್ಟಿಸುತ್ತದೆ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಆ ಹುಡುಗ ಹೇಳಿದ, "ಆಂಟಿ, ಕಬ್ಬಿಣಕ್ಕೆ ಚಳಿ ಇಲ್ಲ. ಅದಕ್ಕೆ ಅವಸರ." ಭೌತಶಾಸ್ತ್ರ ಓದಿದವರು ಏನನ್ನುತ್ತಾರೋ ಗೊತ್ತಿಲ್ಲ. ನನಗೆ ಇದಕ್ಕಿಂತ ಚೆನ್ನಾಗಿ ಹೇಳಲು ಬರುವುದಿಲ್ಲ.

ಮಂಜುಗಡ್ಡೆಯ ವಿಷಯದಲ್ಲಿ ನಾನೂ ಒಂದು ಪಾಠ ಕಲಿತಿದ್ದೇನೆ. ಒಮ್ಮೆ ಎಲೆ, ಕಡ್ಡಿ, ಒಣಗಿದ ಬೀಜಕೋಶ ಎಲ್ಲಾ ಹಾಕಿ, ಗಾಜಿನ ಬಾಟಲಿಗೆ ಕಂಠಮಟ್ಟ ನೀರು ತುಂಬಿ ಮುಚ್ಚಳ ಬಿಗಿದು ಫ್ರೀಜರಿನಲ್ಲಿ ಇಟ್ಟೆ. ಬೆಳಿಗ್ಗೆ ಬಾಟಲಿ ಸೀಳಿಹೋಗಿತ್ತು. ನೀರು ಗಟ್ಟಿಯಾಗುವಾಗ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ ಅಂತ ಪುಸ್ತಕದಲ್ಲಿ ಓದಿದ್ದು ನೆನಪಿದ್ದರೆ ತಾನೇ? ಮಕ್ಕಳು ಬರುವ ಮುಂಚೆ ಗಾಜು ಬಳಿದು ಹಾಕಿದೆ. ಈಗ ಅಗಲವಾದ ಪ್ಲಾಸ್ಟಿಕ್ ಬಟ್ಟಲು, ಅದೂ ಅರ್ಧಕ್ಕೆ ಸ್ವಲ್ಪ ಮೇಲೆ ಮಾತ್ರ. ನೀವು ಮಾಡುವುದಾದರೂ ಹಾಗೇ ಮಾಡಿ.

ಇನ್ನು ನೆರಳು. ಭೂಮಿ 23.5 ಡಿಗ್ರಿ ವಾಲಿಕೊಂಡು ಸೂರ್ಯನನ್ನು ಸುತ್ತುವುದರಿಂದ ಚಳಿಗಾಲದಲ್ಲಿ ನಡುಮಧ್ಯಾಹ್ನವೂ ಸೂರ್ಯ ಕೆಳಗೇ ಇರುತ್ತಾನೆ, ನೆರಳು ಉದ್ದ. ಇದನ್ನು ಗ್ಲೋಬ್ ಹಿಡಿದು ಮೂರು ವರ್ಷದವರಿಗೆ ಹೇಳಲು ಹೋಗಬೇಡಿ. ವಾರಕ್ಕೊಮ್ಮೆ, ಅದೇ ಹೊತ್ತಿಗೆ, ಅದೇ ಕಂಬದ ನೆರಳಿನ ತುದಿಗೆ ಸೀಮೆಸುಣ್ಣದ ಗೆರೆ ಹಾಕಿಸಿದರೆ ಸಾಕು.

ಮತ್ತೆ ಬೋಳು ಮರ. ದೊಡ್ಡವರು ಅದನ್ನು ನೋಡಿ "ಪಾಪ, ಒಣಗಿದೆ" ಅನ್ನುತ್ತಾರೆ. ಮಕ್ಕಳಿಗೆ ನಾನು ಒಂದು ಕೊಂಬೆಯನ್ನು ಬಗ್ಗಿಸಿ ಹಿಡಿದುಕೊಡುತ್ತೇನೆ. ಎಲೆ ಉದುರಿದ ಪ್ರತಿ ಕಡೆಯೂ ಒಂದು ಚಿಕ್ಕ ಗಾಯದ ಗುರುತು ಇರುತ್ತದೆ. ಗಾಳಿ ಕಿತ್ತದ್ದಲ್ಲ ಅದು, ಉದುರುವ ಮುಂಚೆಯೇ ಮರ ತೊಟ್ಟಿನ ಬುಡದಲ್ಲಿ ತೆಳ್ಳನೆ ಪದರ ಕಟ್ಟಿ ಎಲೆಯನ್ನು ಬಿಡಿಸಿಕೊಂಡಿರುತ್ತದೆ. ಆ ಗಾಯದ ಮೇಲ್ಗಡೆಯೇ ನೋಡಿ, ಸಾಸಿವೆಯಷ್ಟೋ ಅಕ್ಕಿಕಾಳಿನಷ್ಟೋ ಒಂದು ಮೊಗ್ಗು. ಮುಂದಿನ ವಸಂತದ ಎಲೆ ಅದರೊಳಗೆ ಮಡಚಿ ಕೂತಿದೆ. ಅದು ಚಳಿಗಾಲದಲ್ಲಿ ಹುಟ್ಟಿದ್ದೂ ಅಲ್ಲ, ಹಳೇ ಎಲೆ ಹಸಿರಾಗಿದ್ದಾಗಲೇ, ಬೇಸಿಗೆಯಲ್ಲೇ ತಯಾರಾದದ್ದು. ಬೇಸಿಗೆಯಲ್ಲಿ ಎಲೆಗಳ ಮಧ್ಯೆ ಇದು ಕಾಣಿಸುವುದೇ ಇಲ್ಲ. ಅದಕ್ಕೇ ನಾನು ಬೋಳು ಮರ ಅಂದರೆ ಅಷ್ಟು ಆಸೆಪಡುವುದು.

ಚಳಿ ಅರ್ಧ ಕಳೆದ ಮೇಲೆ ಇಂಥದೊಂದು ಕೊಂಬೆಯನ್ನು ಕತ್ತರಿಸಿ ತಂದು ನೀರಿನಲ್ಲಿ ಇಟ್ಟರೆ, ಒಳಗಿನ ಬೆಚ್ಚಗೆ ಕೆಲವು ವಾರಗಳಲ್ಲಿ ಮೊಗ್ಗು ಬಿಚ್ಚುತ್ತದೆ, ಹೊರಗಿನ ಮರಕ್ಕಿಂತ ಮುಂಚೆ. ನಮ್ಮ ತರಗತಿಯ ಪ್ರಕೃತಿ ಮೇಜಿನ ಮೇಲೆ ಈಗ ಅಂಥದೊಂದು ಇದೆ. ನೀರು ಬದಲಾಯಿಸುವುದು ಮಕ್ಕಳ ಕೆಲಸ. ಅದರ ಪಕ್ಕದಲ್ಲಿ ಎರಡು ತಟ್ಟೆ, ಜೀವ ಇರುವುದು ಒಂದರಲ್ಲಿ, ಇಲ್ಲದ್ದು ಇನ್ನೊಂದರಲ್ಲಿ. ಕಲ್ಲು, ಬೀಜ, ಗರಿ, ಮೊಳಕೆ ಎಲ್ಲಾ ಇವೆ.

ಮೊನ್ನೆ ಮೊಗ್ಗಿನ ಮೇಲಿನ ಕಂದು ಸಿಪ್ಪೆಯೊಂದು ಕಳಚಿ ಮೇಜಿನ ಮೇಲೆ ಬಿತ್ತು. ಕೋಟಿನ ಹುಡುಗಿ, ಈಗ ಅವಳಿಗೆ ಐದು ದಾಟಿದೆ, ಅದನ್ನು ಎತ್ತಿ ಜೀವ ಇಲ್ಲದ ತಟ್ಟೆಗೆ ಹಾಕಿದಳು. ಬೆಂಚಿನ ಹುಡುಗ ಬಂದು ಅದನ್ನು ಜೀವ ಇರುವ ತಟ್ಟೆಗೆ ಹಾಕಿದ. "ಉದುರಿದೆ" ಅಂದಳು. "ನಿನ್ನೆ ಮರದಲ್ಲೇ ಇತ್ತಲ್ಲ" ಅಂದ. ಅವಳು ಮತ್ತೆ ಆ ಕಡೆ ಇಟ್ಟಳು. ಅವನು ಊಟ ಮುಗಿಸಿ ಬಂದು ಈ ಕಡೆ ಇಟ್ಟ. ನಿನ್ನೆಯೂ ಇದೇ ನಡೆಯಿತು. ಇವತ್ತು ಬೆಳಿಗ್ಗೆ ನಾನು ಬಂದಾಗ ಯಾರೋ ಆ ಸಿಪ್ಪೆಯನ್ನು ಎರಡೂ ತಟ್ಟೆಗಳ ನಡುವೆ, ಬರೀ ಮೇಜಿನ ಮೇಲೆ ಇಟ್ಟಿದ್ದರು. ಯಾರು ಅಂತ ನಾನು ಕೇಳಲಿಲ್ಲ.

ನಮಸ್ಕಾರ.