ಊರೂರು ಸುತ್ತಿದ ಹಾಡು, ಒಬ್ಬರ ಹೆಸರು

ಆತ್ಮೀಯ ಕೇಳುಗರೇ, ನಮಸ್ಕಾರ.

1964ರ ಮೇ 18ರಂದು ಲಂಡನ್ನಿನ ಕಿಂಗ್ಸ್‌ವೇಯಲ್ಲಿದ್ದ ಡಿ ಲೇನ್ ಲೀ ಸ್ಟುಡಿಯೋದಲ್ಲಿ, ನ್ಯೂಕ್ಯಾಸಲ್ ನಗರದ ಐವರು ಯುವಕರು ಒಂದು ಹಾಡನ್ನು ಧ್ವನಿಮುದ್ರಿಸಿದರು. ತಂಡದ ಹೆಸರು ‘ದಿ ಅನಿಮಲ್ಸ್’. ಹಾಡು ‘ದಿ ಹೌಸ್ ಆಫ್ ದಿ ರೈಸಿಂಗ್ ಸನ್’. ಅಮೆರಿಕದ ಚಕ್ ಬೆರಿಯವರ ಬ್ರಿಟನ್ ಪ್ರವಾಸದಲ್ಲಿ ಅವರೂ ಜೊತೆಯಲ್ಲಿದ್ದರು. ರಾಕ್ ಅಂಡ್ ರೋಲ್ ಸಂಗೀತದ ಆ ಹಿರಿಯನೆದುರು ಅದೇ ಧಾಟಿಯಲ್ಲಿ ಅಬ್ಬರಿಸಿ ಗೆಲ್ಲಲಾಗದು ಎಂದರಿತ ತಂಡ, ಪ್ರತಿ ರಾತ್ರಿ ಈ ಮಂದಗತಿಯ ಶೋಕದ ಹಾಡನ್ನು ಹಾಡುತ್ತಿತ್ತು. ವೇದಿಕೆಯ ಮೇಲೆ ಹೀಗೆ ಚೆನ್ನಾಗಿ ಪಳಗಿದ್ದರಿಂದಲೇ, ಸ್ಟುಡಿಯೋದಲ್ಲಿ ಒಂದೇ ಬಾರಿಗೆ ಅದು ಸರಿಯಾಗಿ ಮೂಡಿಬಂದಿತು.

ಹಾಡು ಅವರು ಕಟ್ಟಿದ್ದಲ್ಲ. ನ್ಯೂ ಆರ್ಲಿಯನ್ಸ್‌ನ ಒಂದು ಮನೆಯಲ್ಲಿ ಬಾಳು ಹಾಳಾದುದನ್ನು ಹೇಳುವ ಈ ಜನಪದ ಗೀತೆ ಅಮೆರಿಕದ ದಕ್ಷಿಣ ಸೀಮೆಯಲ್ಲಿ ಬಹುಕಾಲದಿಂದ ಬಾಯಿಂದ ಬಾಯಿಗೆ ಸಾಗಿಬಂದಿತ್ತು. 1933ರಲ್ಲಿಯೇ ಕ್ಲಾರೆನ್ಸ್ ಆಶ್ಲಿ ಇದನ್ನು ಗ್ರಾಮಫೋನ್ ತಟ್ಟೆಗೆ ಹಾಡಿದ್ದರು. 1937ರಲ್ಲಿ ಜನಪದ ಗೀತೆಗಳ ಸಂಗ್ರಾಹಕ ಅಲನ್ ಲೋಮ್ಯಾಕ್ಸ್, ಕೆಂಟಕಿಯ ಮಿಡ್ಲ್ಸ್‌ಬರೊ ಊರಿನಲ್ಲಿ ಗಣಿ ಕಾರ್ಮಿಕರೊಬ್ಬರ ಮಗಳಾದ, ಹದಿನಾರರ ಹರೆಯದ ಜಾರ್ಜಿಯಾ ಟರ್ನರ್ ಬಾಯಿಂದ ಇದನ್ನು ಮುದ್ರಿಸಿಕೊಂಡರು. ಮುಂದೆ ಇದು ನ್ಯೂಯಾರ್ಕಿನ ಜನಪದ ಗಾಯಕರ ಕೂಟಗಳನ್ನು ಸೇರಿತು. ಅಲ್ಲಿ ಡೇವ್ ವ್ಯಾನ್ ರಾಂಕ್ ಇದಕ್ಕೆ ಹೊಸ ಸ್ವರಜೋಡಣೆ ಮಾಡಿದರು. ಅವರು ಅದನ್ನು ಮುದ್ರಿಸುವ ಮೊದಲೇ ಬಾಬ್ ಡಿಲನ್ ಆ ಜೋಡಣೆಯನ್ನು ತಮ್ಮ 1962ರ ಚೊಚ್ಚಲ ಆಲ್ಬಮ್ಮಿಗೆ ಹಾಡಿಬಿಟ್ಟರು. ಆಮೇಲೆ ಜನ ವ್ಯಾನ್ ರಾಂಕ್ ಅವರನ್ನೇ ಡಿಲನ್ನರ ಅನುಕರಣೆ ಎಂದರು. ಅನಿಮಲ್ಸ್ ಹಾಡಿದ ಬಳಿಕ ಅದೇ ಮಾತು ಡಿಲನ್ನರಿಗೂ ತಗುಲಿತು.

ಹಾಗಾದರೆ ಅನಿಮಲ್ಸ್ ಇದಕ್ಕೆ ಸೇರಿಸಿದ್ದಾದರೂ ಏನು? ಗಿಟಾರ್ ವಾದಕ ಹಿಲ್ಟನ್ ವ್ಯಾಲೆಂಟೈನ್ ಸ್ವರಮೇಳಗಳನ್ನು ಒಟ್ಟಿಗೆ ಮೀಟದೆ, ಒಂದೊಂದು ತಂತಿಯನ್ನು ಬಿಡಿಬಿಡಿಯಾಗಿ ಮೀಟುತ್ತ ಏರಿ ಇಳಿಯುತ್ತಾರೆ. ಹಾಡು ಶುರುವಾಗುವುದೇ ಆ ಒಂಟಿ ಗಿಟಾರಿನಿಂದ. ಮೂರು ಮೂರಾಗಿ ಒಡೆಯುವ ಆರು ಎಣಿಕೆಯ ನಡೆಯಾದ್ದರಿಂದ, ತಿಶ್ರ ನಡೆಗೆ ಒಗ್ಗಿದ ನಮ್ಮ ಕಿವಿಗೂ ಅದರ ತೂಗಾಟ ಕೂಡಲೇ ಹಿಡಿಸುತ್ತದೆ. ಗಾಯಕ ಎರಿಕ್ ಬರ್ಡನ್ ಮೊದಲು ಮಂದ್ರದಲ್ಲಿ, ಬಹುತೇಕ ಮಾತಿನ ಹತ್ತಿರವೇ ಇದ್ದು, ಮುಂದೆ ಅದೇ ಧಾಟಿಯನ್ನು ಒಂದು ಇಡೀ ಸ್ಥಾಯಿ ಮೇಲಕ್ಕೆ ಎತ್ತಿ ಕೂಗಿ ಹಾಡುತ್ತಾರೆ. ನಡುವೆ ಅಲನ್ ಪ್ರೈಸ್ ಅವರ ವಾಕ್ಸ್ ಕಾಂಟಿನೆಂಟಲ್ ಆರ್ಗನ್ ಮೊನಚಾಗಿ ನುಗ್ಗಿ ಬರುತ್ತದೆ. ಬೇಸ್ ಗಿಟಾರಿನ ಚಾಸ್ ಚಾಂಡ್ಲರ್, ಡ್ರಮ್ಸ್‌ನ ಜಾನ್ ಸ್ಟೀಲ್ ಹೆಚ್ಚಿನ ಅಲಂಕಾರವಿಲ್ಲದೆ ನಡೆಯನ್ನು ಕಾಯುತ್ತಾರೆ. ಜಾರ್ಜಿಯಾ ಟರ್ನರ್ ಮತ್ತು ಡಿಲನ್ ಹಾಡಿದ ರೂಪದಲ್ಲಿ ಅದು ಕೆಟ್ಟು ನೊಂದ ಹೆಣ್ಣಿನ ಅಳಲು. ಇಲ್ಲಿ ಅದು ಜೂಜುಕೋರ ತಂದೆಯ ಮಗನೊಬ್ಬನ ಪಶ್ಚಾತ್ತಾಪ. ಈ ಬದಲಾವಣೆಯಿಂದ ಮೂಲದ ನೋವು ತುಸು ಮಸುಕಾಯಿತೆಂದೇ ನನ್ನ ಭಾವನೆ. ಆದರೂ ಬರ್ಡನ್ ದನಿಯ ಪ್ರಾಮಾಣಿಕತೆಯನ್ನು ಅಲ್ಲಗಳೆಯಲಾರೆ.

ಹಾಡಿನ ಅವಧಿ ಸುಮಾರು ನಾಲ್ಕೂವರೆ ನಿಮಿಷ. ರೇಡಿಯೋಗಳು ಮೂರು ನಿಮಿಷದೊಳಗಿನ ಹಾಡುಗಳನ್ನೇ ಬಯಸುತ್ತಿದ್ದ ಕಾಲ ಅದು. ನಿರ್ಮಾಪಕ ಮಿಕಿ ಮೋಸ್ಟ್ ಮೊದಲು ಈ ಹಾಡಿನ ಬಗ್ಗೆ ಹಿಂಜರಿದಿದ್ದರೂ, ಬ್ರಿಟನ್ನಿನಲ್ಲಿ ಅದನ್ನು ಇಡಿಯಾಗಿಯೇ ಬಿಡುಗಡೆ ಮಾಡಲಾಯಿತು. ಅಮೆರಿಕದ ತಟ್ಟೆಗೆ ಮಾತ್ರ ಕತ್ತರಿ ಬಿತ್ತು. ಜುಲೈನಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನ. ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಮೂರು ವಾರಗಳ ಕಾಲ ಮೊದಲ ಸ್ಥಾನ. ಅಮೆರಿಕದ ಹಾಡು ಸಾಗರ ದಾಟಿ, ಕಲ್ಲಿದ್ದಲು ಮತ್ತು ಹಡಗುಕಟ್ಟೆಗಳ ಊರಿನ ಹುಡುಗರ ದನಿಯಲ್ಲಿ ಅಮೆರಿಕಕ್ಕೇ ಮರಳಿ ಗೆದ್ದಿತು.

ಆದರೆ ತಟ್ಟೆಯ ಮೇಲೆ ಸಂಯೋಜಕರೆಂದು, ಅಂದರೆ ಸ್ವರಜೋಡಣೆ ಮಾಡಿದವರೆಂದು, ಅಚ್ಚಾದದ್ದು ಅಲನ್ ಪ್ರೈಸ್ ಒಬ್ಬರ ಹೆಸರು. ಐದು ಹೆಸರುಗಳಿಗೆ ಅಲ್ಲಿ ಜಾಗ ಸಾಲದು, ಆದ್ದರಿಂದ ಒಂದೇ ಹೆಸರು ಇರಲಿ ಎಂಬ ಕಾರಣ ತಮಗೆ ಹೇಳಲಾಗಿತ್ತೆಂದು ತಂಡದ ಉಳಿದವರು ಮುಂದೆ ಹೇಳಿದ್ದಾರೆ. ಜನಪದ ಗೀತೆಗೆ ಕವಿಯಿಲ್ಲದ ಕಾರಣ, ಸಂಯೋಜಕನೆಂದು ಹೆಸರಿದ್ದವರಿಗೇ ಗೌರವಧನ ಸಲ್ಲುತ್ತದೆ. ಹಾಗಾಗಿ ಆ ಒಂದು ಸಾಲಿನ ಬೆಲೆ ದೊಡ್ಡದು. 1965ರಲ್ಲಿ ಪ್ರೈಸ್ ತಂಡವನ್ನು ತೊರೆದರು. ಹಣದ ವಿಚಾರದ ಕಹಿ ಮಾತ್ರ ದಶಕಗಳ ಕಾಲ ಉಳಿಯಿತು. ಪ್ರೈಸ್ ಅವರ ಆರ್ಗನ್ ವಾದನ ಶ್ರೇಷ್ಠವೇ; ಆದರೆ ಗಿಟಾರ್ ಕಲಿಯುವ ಹೊಸಬರು ಇಂದಿಗೂ ಅಭ್ಯಾಸ ಮಾಡುವ ಆ ಆರಂಭದ ಸ್ವರಗಳು ವ್ಯಾಲೆಂಟೈನರ ಬೆರಳುಗಳವು. 2021ರಲ್ಲಿ ತೀರಿಕೊಂಡ ಅವರ ಹೆಸರು ಆ ತಟ್ಟೆಯ ಸಂಯೋಜಕರ ಸಾಲಿನಲ್ಲಿ ಇರಲೇಬೇಕಾಗಿತ್ತು, ಉಳಿದ ಮೂವರದೂ ಅಷ್ಟೇ.

ನಮಸ್ಕಾರ.