ದೋಣಿಯ ದಿಕ್ಸೂಚಿ ಹಿಡಿದು ಸಾಗಿದ ಹಡಗು

ಕೇಳುಗರೇ, ನಮಸ್ಕಾರ. ಇವತ್ತು ಒಂದು ಹಡಗಿನ ಕತೆ. ಹೆಸರು ಎಕ್ಸೆಟರ್. ಬ್ರಿಟಿಷ್ ನೌಕಾಪಡೆಯ ಹೆವಿ ಕ್ರೂಸರ್, ಅಂದರೆ ದೊಡ್ಡ ಫಿರಂಗಿಗಳ ಯುದ್ಧನೌಕೆ. ಅದಕ್ಕೆ ಎಂಟು ಇಂಚಿನ ಆರು ಫಿರಂಗಿಗಳು.

ಎರಡನೇ ಮಹಾಯುದ್ಧದ ಕಾಲ, 1939ರ ಡಿಸೆಂಬರ್ 13ರ ಬೆಳಗ್ಗೆ. ದಕ್ಷಿಣ ಅಮೆರಿಕದಲ್ಲಿ ಪ್ಲೇಟ್ ನದಿ ಕಡಲು ಸೇರುವ ಕಡೆ ಜರ್ಮನಿಯ ಯುದ್ಧನೌಕೆ ಗ್ರಾಫ್ ಸ್ಪೀ ಎದುರಾಯಿತು. ಅದರವು ಹನ್ನೊಂದು ಇಂಚಿನ ಫಿರಂಗಿ. ಎಕ್ಸೆಟರ್ ಜೊತೆಗಿದ್ದದ್ದು ಎರಡು ಚಿಕ್ಕ ಕ್ರೂಸರ್‌ಗಳು, ಏಜಾಕ್ಸ್ ಮತ್ತು ಅಕಿಲೀಸ್. ಈ ಅಕಿಲೀಸ್ 1948ರಲ್ಲಿ ನಮ್ಮ ದೇಶಕ್ಕೇ ಬಂತು. ಐಎನ್‌ಎಸ್ ಡೆಲ್ಲಿ ಅಂದರೆ ಅದೇ.

ಒಂದು ಗುಂಡು ಎಕ್ಸೆಟರ್‌ನ ಫಿರಂಗಿ ಗೋಪುರಕ್ಕೆ ಬಡಿಯಿತು. ಚೂರುಗಳು ಕ್ಯಾಪ್ಟನ್ ಬೆಲ್ ನಿಂತಿದ್ದ ಕಡೆಗೆ ಸಿಡಿದವು. ಸುತ್ತ ಇದ್ದವರು ಒಬ್ಬೊಬ್ಬರಾಗಿ ಬಿದ್ದರು. ಬೆಲ್ ಕೂಡ ಗಾಯಗೊಂಡರು. ಆದರೂ ಹಡಗಿನ ಹಿಂಭಾಗಕ್ಕೆ ಹೋಗಿ ನಿಂತರು. ಅಲ್ಲಿಂದ ಚುಕ್ಕಾಣಿಯವರಿಗೆ ಮಾತು ತಲುಪಿಸುವ ತಂತಿಗಳು ಹರಿದುಹೋಗಿದ್ದವು. ದಿಕ್ಸೂಚಿಯೂ ಕೆಟ್ಟಿತ್ತು. ಹಡಗಿನಲ್ಲಿದ್ದ ಒಂದು ಸಣ್ಣ ದೋಣಿಯ ದಿಕ್ಸೂಚಿ ತಂದುಕೊಂಡರು. ತಾರಸಿ ಹಾಕುವಾಗ ಬಾಂಡ್ಲಿ ಕೈಯಿಂದ ಕೈಗೆ ದಾಟುತ್ತದಲ್ವಾ, ಹಾಗೆ ಸಾಲಾಗಿ ನಿಂತ ನಾವಿಕರು ಕ್ಯಾಪ್ಟನ್ ಮಾತನ್ನು ಬಾಯಿಂದ ಬಾಯಿಗೆ ದಾಟಿಸಿದರು. ಬೆಂಕಿ, ಹೊಗೆ, ಕಿವಿಗಡಚಿಕ್ಕುವ ಸದ್ದು. ಅಷ್ಟರ ನಡುವೆ "ಎಡಕ್ಕೆ", "ಬಲಕ್ಕೆ" ಅನ್ನುವ ಒಂದು ಮಾತು ತಪ್ಪಿದ್ದರೂ ಕತೆ ಮುಗಿಯುತ್ತಿತ್ತು. ನನ್ನ ಮಟ್ಟಿಗೆ ಆ ದಿನದ ದೊಡ್ಡ ಸಾಹಸ ಇದೇ.

61 ಜನ ಸತ್ತರು. ಹಡಗು ಉಳಿಯಿತು, ಫಾಕ್‌ಲ್ಯಾಂಡ್ ದ್ವೀಪ ಸೇರಿತು. ನಾಲ್ಕು ದಿನಕ್ಕೆ ಗ್ರಾಫ್ ಸ್ಪೀಯನ್ನು ಅದರ ಕ್ಯಾಪ್ಟನ್ನೇ ಮಾಂಟೆವಿಡಿಯೊ ಹತ್ತಿರ ಮುಳುಗಿಸಿದ.

ಎಕ್ಸೆಟರ್ ರಿಪೇರಿಗೆ ಒಂದು ವರ್ಷಕ್ಕೂ ಜಾಸ್ತಿ ಹಿಡಿಯಿತು. ಆಮೇಲೆ ನಮ್ಮ ಕಡೆಯ ಸಮುದ್ರಕ್ಕೆ ಬಂತು. 1942ರ ಫೆಬ್ರುವರಿ 27ರಂದು ಜಾವಾ ಸಮುದ್ರದ ಕದನದಲ್ಲಿ ಜಪಾನೀಯರ ಗುಂಡು ಬಾಯ್ಲರ್ ಕೋಣೆಗೇ ಬಿತ್ತು. ಜಾವಾ ದ್ವೀಪದ ಸುರಬಾಯಾ ಬಂದರಿನಲ್ಲಿ ಅರೆಬರೆ ರಿಪೇರಿ ಮಾಡಿಕೊಂಡು, ಡಿಸ್ಟ್ರಾಯರ್ ಅನ್ನುವ ಎರಡು ಚಿಕ್ಕ ಯುದ್ಧನೌಕೆಗಳ ಜೊತೆ ಕೊಲಂಬೊಗೆ ಹೊರಟಿತು. ಮಾರ್ಚ್ 1ರಂದು ನಾಲ್ಕು ಜಪಾನೀ ಹೆವಿ ಕ್ರೂಸರ್‌ಗಳು ಅಡ್ಡ ಬಂದವು. ಮಧ್ಯಾಹ್ನದ ಹೊತ್ತಿಗೆ ಎಕ್ಸೆಟರ್ ಇರಲಿಲ್ಲ.

ಅವತ್ತು ಸತ್ತವರು ಐವತ್ತು ಚಿಲ್ಲರೆ. ಸೆರೆಸಿಕ್ಕವರು 650ಕ್ಕೂ ಹೆಚ್ಚು. ಅವರಲ್ಲಿ ಸುಮಾರು 150 ಜನ ಶಿಬಿರಗಳಲ್ಲಿ ಸತ್ತರು. ಕಡಲಿಗಿಂತ ಸೆರೆಯೇ ಹೆಚ್ಚು ಜೀವ ತೆಗೆಯಿತು.

2007ರಲ್ಲಿ ಮುಳುಗುಗಾರರು ಆ ಹಡಗನ್ನು ಹುಡುಕಿದರು. ಸುಮಾರು 60 ಮೀಟರ್ ಆಳದಲ್ಲಿತ್ತು. 2016ರಲ್ಲಿ ಮತ್ತೆ ಹೋಗಿ ನೋಡಿದರೆ ಹಡಗೇ ಇಲ್ಲ! ಕಬ್ಬಿಣದ ಆಸೆಗೆ ಯಾರೋ ತುಂಡು ತುಂಡಾಗಿ ಎತ್ತಿಕೊಂಡು ಹೋಗಿದ್ದರು. ಜನ ಸತ್ತು ಮಲಗಿದ್ದ ಜಾಗ ಅದು. ಅದನ್ನೂ ಗುಜರಿಗೆ ಹಾಕಿದರಲ್ಲ ಅಂತ ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ನಮಸ್ಕಾರ.