ಬಲ್ಬ್ ಮತ್ತೆ ಹೋಯಿತೇ?

ಕೇಳುಗರೆಲ್ಲರಿಗೂ ನಮಸ್ಕಾರ.

ಹೋದ ಶ್ರಾವಣದಲ್ಲಿ ಬೆಟಗೇರಿಯ ನೇಕಾರರೊಬ್ಬರ ಮನೆಗೆ ಕರೆ ಬಂದಿತ್ತು. ಮಗ್ಗದ ಮೇಲೆ ತೂಗುಬಿಟ್ಟ ಎಲ್‌ಇಡಿ ಬಲ್ಬ್ ನಾಲ್ಕು ತಿಂಗಳಲ್ಲಿ ಐದು ಸಲ ಹೋಗಿತ್ತು. ಆ ಮನೆಯ ತಾಯಿ ಕೆಟ್ಟ ಬಲ್ಬುಗಳನ್ನು ಬಿಸಾಡದೆ ಬುಟ್ಟಿಯಲ್ಲಿ ಇಟ್ಟಿದ್ದರು. “ಅಣ್ಣಾ, ಅಂಗಡಿಯವನು ಕಳಪೆ ಮಾಲು ಕೊಡುತ್ತಿದ್ದಾನೆ, ನೀವೇ ನೋಡಿ” ಎಂದು ಬುಟ್ಟಿಯನ್ನು ಮುಂದಿಟ್ಟರು.

ಒಂದೊಂದನ್ನೇ ಬುಡ ಮೇಲು ಮಾಡಿ ನೋಡಿದೆ. ಬಲ್ಬಿನ ಬುಡದಲ್ಲಿ ಬೆಸುಗೆಯ ಎರಡು ಬೊಟ್ಟುಗಳಿರುತ್ತವೆ. ಕರೆಂಟ್ ಒಳಗೆ ಹೋಗುವುದು ಅವುಗಳ ಮೂಲಕ. ಐದು ಬಲ್ಬುಗಳಲ್ಲೂ ಒಂದು ಬೊಟ್ಟು ಬೆಳ್ಳಗೆ ನುಣುಪಾಗಿತ್ತು. ಇನ್ನೊಂದು ಕರಗಿ, ಕುಳಿ ಬಿದ್ದು, ಕಪ್ಪಿಟ್ಟಿತ್ತು. ಐದಕ್ಕೂ ಒಂದೇ ಜಾಗದಲ್ಲಿ ಗಾಯ. ಮೂವತ್ತು ವರ್ಷ ವೈರಿಂಗ್ ಕೆಲಸ ಮಾಡಿದ ನನಗೆ ಅಷ್ಟು ಸಾಕಾಯಿತು. ಮೇನ್ ಸ್ವಿಚ್ ಇಳಿಸಿ ಹೋಲ್ಡರ್ ಬಿಚ್ಚಿದೆ. ಅದರೊಳಗೆ ಹಿತ್ತಾಳೆಯ ಎರಡು ಪಿನ್ನುಗಳು, ಅವುಗಳ ಹಿಂದೆ ಸ್ಪ್ರಿಂಗ್. ಒಂದು ಪಿನ್ನನ್ನು ಒತ್ತಿ ಬಿಟ್ಟರೆ ಟಪ್ಪನೆ ಮೇಲೆ ಬಂತು. ಇನ್ನೊಂದು ಒತ್ತಿದಲ್ಲೇ ಕುಳಿತುಬಿಟ್ಟಿತು.

ನಡೆದದ್ದು ಇಷ್ಟೇ. ಹಿಂದೆ ಅದೇ ಹೋಲ್ಡರಿನಲ್ಲಿ ವರ್ಷಗಟ್ಟಲೆ 100 ವ್ಯಾಟಿನ ತಂತಿಯ ಬಲ್ಬ್ ಉರಿದು, ಆ ಕಾವಿಗೆ ಸ್ಪ್ರಿಂಗ್ ಸತ್ತುಹೋಗಿತ್ತು. ಪಿನ್ನಿಗೂ ಬೊಟ್ಟಿಗೂ ನಡುವೆ ಕೂದಲೆಳೆಯಷ್ಟು ಸಂದು. ಮಗ್ಗ ಬಡಿದಾಗಲೆಲ್ಲ ತೊಲೆ ಅದುರುತ್ತದೆ, ಬಲ್ಬ್ ಅಲುಗುತ್ತದೆ, ಆ ಸಂದಿನಲ್ಲಿ ಕಿಡಿ ಹಾರುತ್ತದೆ. ಕರೆಂಟ್ ಹೀಗೆ ದಿನಕ್ಕೆ ಸಾವಿರಾರು ಸಲ ಕಡಿದು ಕೂಡಿದರೆ ಎಲ್‌ಇಡಿಯ ಒಳಗಿರುವ ಸರ್ಕಿಟ್ ತಾಳುವುದಿಲ್ಲ. ಅಂಗಡಿಯವನದು ಏನೂ ತಪ್ಪಿರಲಿಲ್ಲ. ಹೊಸ ಹೋಲ್ಡರ್ ಹಾಕಿ, ತಂತಿಯ ತುದಿಗಳನ್ನು ಕೆರೆದು ಬಿಗಿದು ಬಂದೆ.

ಆದ್ದರಿಂದ ಬಲ್ಬ್ ಹೋದಾಗ ನಾನು ಕೇಳುವ ಮೊದಲ ಪ್ರಶ್ನೆ, ಯಾವ ಕಂಪನಿಯದು ಎಂದಲ್ಲ, ಎಲ್ಲಿಯದು ಎಂದು. ಒಂದೇ ಜಾಗದ ಬಲ್ಬ್ ಮತ್ತೆ ಮತ್ತೆ ಹೋಗುತ್ತಿದ್ದರೆ ದೋಷ ಆ ಹೋಲ್ಡರಿನಲ್ಲಿದೆ, ಇಲ್ಲವೇ ಅದರ ಸ್ವಿಚ್ಚಿನಲ್ಲಿ, ತಂತಿಯ ಜೋಡಣೆಯಲ್ಲಿದೆ. ಮನೆಯ ತುಂಬ ಬಲ್ಬುಗಳು ಹೋಗುತ್ತಿದ್ದರೆ ದೋಷ ಮೀಟರಿನ ಹತ್ತಿರವೋ ಕಂಬದ ಮೇಲೋ ಇರುತ್ತದೆ. ಹೊಸ ಬಲ್ಬ್ ಹಾಕುವ ದಿನ ಅದರ ಬುಡದ ಮೇಲೆ ತಾರೀಕು ಬರೆದಿಡಿ. ಹಳೆಯ ತಂತಿಯ ಬಲ್ಬಿನ ಆಯುಷ್ಯವೇ ಸುಮಾರು 1000 ಗಂಟೆ; ದಿನಕ್ಕೆ 5 ಗಂಟೆಯಂತೆ ಉರಿಸಿದರೆ 200 ದಿನ. ಅದು ಏಳನೇ ತಿಂಗಳಿಗೆ ಹೋದರೆ ದೂರುವ ಹಾಗಿಲ್ಲ. ಎಲ್‌ಇಡಿ ಡಬ್ಬಿಯ ಮೇಲೆ 15,000 ಗಂಟೆ ಎಂದಿದ್ದರೆ ಅದೇ ಲೆಕ್ಕದಲ್ಲಿ ಎಂಟು ವರ್ಷ ಬರಬೇಕು. ಎಂಟು ತಿಂಗಳಿಗೆ ಹೋದರೆ ಕಾರಣ ಹುಡುಕಲೇಬೇಕು.

ಎಲ್‌ಇಡಿಗೆ ಕಾವು ದೊಡ್ಡ ಶತ್ರು. ಅದರ ಒಳಗಿನ ಸರ್ಕಿಟ್‌ನಲ್ಲಿ ಕೆಪಾಸಿಟರ್ ಎಂಬ ಪುಟ್ಟ ಭಾಗ ಇರುವ ಜಾಗದಲ್ಲಿ ಬಿಸಿ 10 ಡಿಗ್ರಿ ಏರಿದರೆ ಅದರ ಆಯುಷ್ಯ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನಮ್ಮ ಅಡುಗೆ ಮನೆಗಳಲ್ಲಿ ಬಲ್ಬ್ ಎಲ್ಲಿರುತ್ತದೆ ನೋಡಿ: ಜೋಳದ ರೊಟ್ಟಿ ಬಡಿಯುವವರಿಗೆ ಬೆಳಕು ಬೀಳಲಿ ಎಂದು ನೇರವಾಗಿ ಒಲೆಯ ಮೇಲೆ. ಹಂಚಿನ ಝಳವೆಲ್ಲ ಅದಕ್ಕೇ. ಎರಡು ಅಡಿ ಪಕ್ಕಕ್ಕೆ ಸರಿಸಿದರೆ ಬೆಳಕು ಕಡಿಮೆಯಾಗುವುದಿಲ್ಲ. ಬಚ್ಚಲಿನ ಮುಚ್ಚಿದ ಗಾಜಿನ ಬುರುಡೆಯೊಳಗೂ ಹೆಚ್ಚು ವ್ಯಾಟಿನ ಎಲ್‌ಇಡಿ ಹಾಕಬೇಡಿ, ಅಲ್ಲಿ ಬಿಸಿಗಾಳಿಗೆ ಹೊರಗೆ ಹೋಗಲು ದಾರಿಯಿಲ್ಲ.

ಈಗ ನ್ಯೂಟ್ರಲ್, ಅಂದರೆ ಕರೆಂಟ್ ಮರಳಿ ಹೋಗುವ ತಂತಿಯ ವಿಷಯ. ದಯವಿಟ್ಟು ಇದನ್ನು ಗಮನವಿಟ್ಟು ಕೇಳಿ, ಏಕೆಂದರೆ ಇಲ್ಲಿ ಹೋಗುವುದು ಬಲ್ಬ್ ಮಾತ್ರವಲ್ಲ, ಟಿವಿ, ಫ್ರಿಜ್ಜು ಸುಟ್ಟು ಮನೆಗೇ ಬೆಂಕಿ ತಗಲಬಹುದು. ಹಾವೇರಿ ಹತ್ತಿರದ ಹಳ್ಳಿಯೊಂದರಲ್ಲಿ ಹಿಟ್ಟಿನ ಗಿರಣಿ ಇರುವ ಮನೆ, ಮೂರು ಫೇಸಿನ ಸಂಪರ್ಕ; ಅಂದರೆ ಕರೆಂಟ್ ಮೂರು ತಂತಿಗಳಲ್ಲಿ ಬಂದು ಬೇರೆ ಬೇರೆ ಕೋಣೆಗಳಿಗೆ ಹಂಚಿಹೋಗುತ್ತಿತ್ತು. ಅಡುಗೆ ಮನೆಯಲ್ಲಿ ಮಿಕ್ಸರ್ ಹಾಕಿದರೆ ಪಡಸಾಲೆಯ ದೀಪ ಇನ್ನಷ್ಟು ಪ್ರಖರವಾಗುತ್ತಿತ್ತು. ಕಾಯಿ ಚಟ್ನಿ ರುಬ್ಬುವಾಗ ದೀಪ ಚೆನ್ನಾಗಿ ಬೆಳಗುತ್ತದೆ ಎಂದು ಮಕ್ಕಳಿಗೆ ಖುಷಿ. ಭಾರ ಬಿದ್ದಾಗ ದೀಪ ಕೊಂಚ ಮಂಕಾಗುವುದು ಸಹಜ. ಪ್ರಖರವಾಗುವುದು ಅಪಾಯದ ಗುರುತು. ವೋಲ್ಟ್ ಅಳೆಯುವ ಮೀಟರ್ ಹಿಡಿದು ನೋಡಿದರೆ ಪಡಸಾಲೆಯಲ್ಲಿ 272 ವೋಲ್ಟ್, ಅಡುಗೆ ಮನೆಯಲ್ಲಿ 180.

ನಮ್ಮ ಮನೆಗಳಿಗೆ ಬರಬೇಕಾದದ್ದು 230 ವೋಲ್ಟ್. ಎರಡು ಫೇಸುಗಳ ನಡುವೆ ಇರುವುದು 400. ಆ 400 ಮನೆಯೊಳಗೆ ನುಗ್ಗದಂತೆ ಹಿಡಿದಿಡುವುದು ನ್ಯೂಟ್ರಲ್ ತಂತಿ. ಅದು ಸಡಿಲವಾದರೆ ಒಂದು ಕೋಣೆಯ ವೋಲ್ಟೇಜ್ ಏರುತ್ತದೆ, ಇನ್ನೊಂದರದು ಇಳಿಯುತ್ತದೆ. ಅವರ ಮೀಟರ್ ಹಲಗೆಯಲ್ಲಿ ಅಲ್ಯೂಮಿನಿಯಂ ನ್ಯೂಟ್ರಲಿನ ತಿರುಪು ಸಡಿಲಾಗಿ, ಸುತ್ತ ಬಿಳಿ ಪುಡಿ ಕಟ್ಟಿತ್ತು, ತಂತಿಯ ಹೊದಿಕೆ ಕಂದಿತ್ತು. ಇದಕ್ಕೆ ನೀವು ಕೈ ಹಾಕಲೇಬಾರದು. ಮೇನ್ ಇಳಿಸಿ, ಪರವಾನಗಿ ಇರುವ ಎಲೆಕ್ಟ್ರಿಷಿಯನ್ನನ್ನು ಕರೆಸಿ. ಇಡೀ ಓಣಿಯಲ್ಲಿ ಹೀಗಾಗುತ್ತಿದ್ದರೆ ದೋಷ ಕಂಬದ ಮೇಲೋ ಟಿಸಿಯಲ್ಲೋ, ಅಂದರೆ ಓಣಿಯ ಟ್ರಾನ್ಸ್‌ಫಾರ್ಮರಿನಲ್ಲೋ ಇದೆ. ತಕ್ಷಣ ವಿದ್ಯುತ್ ದೂರಿನ ಸಂಖ್ಯೆ 1912ಕ್ಕೆ ಕರೆ ಮಾಡಿ.

ಟಿಸಿಗೆ ತೀರ ಹತ್ತಿರದ ಮನೆಗಳಲ್ಲಿ ಇನ್ನೊಂದು ತೊಂದರೆಯಿದೆ. ಹೊಲದ ಪಂಪುಗಳು ನಿಂತ ಸರಿರಾತ್ರಿಯಲ್ಲಿ ವೋಲ್ಟೇಜ್ ಮೇಲೇರುತ್ತದೆ. ತಂತಿಯ ಬಲ್ಬಿಗೆ ನೂರಕ್ಕೆ ಐದರಷ್ಟು ವೋಲ್ಟೇಜ್ ಸದಾ ಹೆಚ್ಚಾಗಿ ಸಿಕ್ಕರೂ ಆಯುಷ್ಯ ಅರ್ಧವಾಗುತ್ತದೆ. ಎಲ್‌ಇಡಿ ಕೊಳ್ಳುವಾಗ ಡಬ್ಬಿಯ ಮೇಲೆ ಎಷ್ಟರಿಂದ ಎಷ್ಟು ವೋಲ್ಟ್ ತಾಳುತ್ತದೆ ಎಂದು ಓದಿ. 300ರವರೆಗೆ ತಾಳುವಂಥದ್ದು ಸಿಗುತ್ತದೆ. ಭರಣಿ, ಕೃತ್ತಿಕೆ, ರೋಹಿಣಿ ಮಳೆಗಳ ಗುಡುಗು ಸಿಡಿಲಿಗೆ ಮಾತ್ರ ಯಾವ ಬಲ್ಬೂ ತಾಳುವುದಿಲ್ಲ. ಮೋಡ ಕವಿದಾಗ, ಗುಡುಗು ಮಿಂಚು ಶುರುವಾಗುವ ಮೊದಲೇ ದೀಪ ಆರಿಸಿ, ಪ್ಲಗ್ಗುಗಳನ್ನು ಕಿತ್ತಿಡಿ.

ಆ ಗಿರಣಿಯ ಮನೆಯಲ್ಲಿ ನ್ಯೂಟ್ರಲ್ ಬಿಗಿದ ಮೇಲೆ ಮತ್ತೆ ಮೀಟರ್ ಹಿಡಿದೆ. ಪಡಸಾಲೆಯಲ್ಲಿ 232, ಅಡುಗೆ ಮನೆಯಲ್ಲಿ 231. ಮಿಕ್ಸರ್ ಹಾಕಿಸಿದೆ. ಮಕ್ಕಳು ಪಡಸಾಲೆಯಲ್ಲಿ ನಿಂತು ತಲೆಯೆತ್ತಿ ನೋಡುತ್ತಿದ್ದರು. ದೀಪ ಇದ್ದ ಹಾಗೆಯೇ ಇತ್ತು.